ಅಂಗಳದ ಬಿಸಿಲು

‘ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿತು’ ಎಂಬುದು ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿರುವ ಮಾತು. ಆದರೆ ಉತ್ತರ ಕನ್ನಡದ ಕರಾವಳಿಯ ಚಳಿಗೆ ಓಡಬೇಕಾದಷ್ಟು ಮೈಯೇ ಇಲ್ಲ. ಅದು ಬಯಲುಸೀಮೆಯ ಚಳಿಯಂತೆ ಹಲ್ಲು ಕಟಕಟಿಸುವಂತೆ ಮಾಡುವುದಿಲ್ಲ. ಧನುರ್ಮಾಸದ ಬೆಳಗಿನಲ್ಲಿ ತೋಟದ ಮೇಲೆ ಮಂಜಿನ ತೆಳುಪರದೆಯನ್ನು ಎಳೆದು, ರಾತ್ರಿ ಒಂದು ಕಂಬಳಿಯನ್ನು ಬೇಡಿ, ಮಾಘಮಾಸ ಮುಗಿಯುವ ಹೊತ್ತಿಗೆ ಯಾರಿಗೂ ಹೇಳದೆ ಹೊರಟುಹೋಗುತ್ತದೆ. ಪೇಟೆಯವರು ಅದು ಹೋದದ್ದನ್ನು ಗಮನಿಸದೆ ಇರಬಹುದು. ಹಳ್ಳಿಯ ಮನೆ ಮಾತ್ರ ಗಮನಿಸದೆ ಇರಲಾರದು. ಅಲ್ಲಿ ಒಲೆಯಿಂದ ಅಟ್ಟದವರೆಗೆ ಎಲ್ಲವೂ ಬದಲಾಗುತ್ತದೆ.

ಕುಮಟಾದಿಂದ ಹೊನ್ನಾವರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಧಾರೇಶ್ವರವೆಂಬ ಊರಿದೆ. ರಾವಣನು ಗೋಕರ್ಣದಲ್ಲಿ ಆತ್ಮಲಿಂಗವನ್ನು ಕೀಳಲೆತ್ನಿಸಿ ಸೋತು, ಅದಕ್ಕೆ ಸುತ್ತಿದ್ದ ದಾರವನ್ನು ಕಿತ್ತೆಸೆದಾಗ ಅದು ಬಿದ್ದ ಸ್ಥಳವೇ ಇದೆಂದು ಐತಿಹ್ಯ. ಪಂಚಕ್ಷೇತ್ರಗಳಲ್ಲಿ ಒಂದೆಂದು ಯಾತ್ರಿಕರು ಇಲ್ಲಿಗೆ ಬರುತ್ತಾರೆ. ಧಾರಾನಾಥನ ದರ್ಶನ ಮಾಡಿಕೊಂಡು ಮುಂದಿನ ಕ್ಷೇತ್ರಕ್ಕೆ ಹೊರಡುತ್ತಾರೆ. ದೇವಾಲಯದಿಂದ ಸ್ವಲ್ಪ ಒಳಗೆ ನಡೆದರೆ ತೆಂಗು ಅಡಿಕೆಗಳ ನೆರಳಿನಲ್ಲಿ ಚಿರೆಕಲ್ಲಿನ ಗೋಡೆಯ, ಮಂಗಳೂರು ಹೆಂಚಿನ ಮನೆಗಳು ಇನ್ನೂ ಕಾಣಸಿಗುತ್ತವೆ. ಚಳಿ ಕಳೆಯುವ ಕಾಲದಲ್ಲಿ ನೋಡತಕ್ಕದ್ದು ಇಂಥ ಮನೆಯ ಅಂಗಳವನ್ನು.

ಮೊದಲ ಸೂಚನೆ ಬಚ್ಚಲ ಒಲೆಯದು. ಪುಷ್ಯಮಾಸದಲ್ಲಿ ಮನೆಯ ಮಕ್ಕಳೆಲ್ಲ ಬೆಳಗಾದೊಡನೆ ಆ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕೆಂಡದಲ್ಲಿ ಗೆಣಸು ಹೂತಿಟ್ಟು, ಅದು ಬೇಯುವವರೆಗೆ ಸ್ನಾನವನ್ನು ಮುಂದೂಡುತ್ತಾರೆ. ಮಾಘದ ಕೊನೆಗೆ ಒಲೆಯ ಮುಂದಿನ ಆ ಸಭೆ ತಾನಾಗಿಯೇ ಕರಗುತ್ತದೆ. ಕೊತ್ತಂಬರಿ ಜೀರಿಗೆಯ ಬಿಸಿ ಕಷಾಯದ ಜಾಗಕ್ಕೆ ಮಜ್ಜಿಗೆ ಬರುತ್ತದೆ. ಊಟದಲ್ಲಿ ತಂಬುಳಿಯೂ ಅಪ್ಪೆಹುಳಿಯೂ ಕಾಣಿಸಿಕೊಳ್ಳುತ್ತವೆ. ಕಂಬಳಿ ಕೌದಿಗಳು ಹಳ್ಳದ ನೀರಿನಲ್ಲಿ ಮಿಂದು, ಬೇಲಿಯ ಮೇಲೆ ಎರಡು ದಿನ ಮೈಚಾಚಿ, ಬಿಸಿಲಿನ ವಾಸನೆಯನ್ನು ಹೊತ್ತು ಪೆಟ್ಟಿಗೆಯನ್ನು ಸೇರುತ್ತವೆ. ಆ ವಾಸನೆಗೆ ಸಮನಾದ ಸುಗಂಧವನ್ನು ಯಾವ ಅಂಗಡಿಯೂ ಇದುವರೆಗೆ ಮಾರಿಲ್ಲ.

ಅನಂತರ ಅಂಗಳದ ಸರದಿ. ಅದನ್ನು ಗುಡಿಸಿ, ಮಳೆಯಲ್ಲಿ ಎದ್ದ ಕಲ್ಲುಗಳನ್ನು ಹೆಕ್ಕಿ, ಸಗಣಿಯಿಂದ ಸಾರಿಸಿ, ಅಂಚಿಗೆ ಶೇಡಿಯ ಗೆರೆ ಎಳೆದರೆ ಮನೆಗೆ ಒಂದು ಕೋಣೆ ಹೆಚ್ಚಾದಂತೆ. ಈ ಕೋಣೆಗೆ ಗೋಡೆಯಿಲ್ಲ, ಬಾಗಿಲಿಲ್ಲ. ಫಾಲ್ಗುಣದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಮೇಳ ಬೆಂಡಿನ ತುರಾಯಿಗಳನ್ನು ತಲೆಗೇರಿಸಿಕೊಂಡು ಗುಮಟೆಯ ಪೆಟ್ಟಿನೊಡನೆ ಮನೆಮನೆಗೆ ಬಂದಾಗ ಕುಣಿತಕ್ಕೆ ರಂಗಸ್ಥಳವಾಗುವುದೂ ಇದೇ ಅಂಗಳವೇ.

ಇಷ್ಟೆಲ್ಲ ಸಿದ್ಧತೆ ಏತಕ್ಕೆಂಬುದು ಕರಾವಳಿಯ ಮಳೆಯನ್ನು ಕಂಡವರಿಗೆ ಅರ್ಥವಾಗುತ್ತದೆ. ಈ ತೀರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಆಗ ತರಕಾರಿಯೂ ವಿರಳ, ಒಣಸೌದೆಯೂ ವಿರಳ. ಆದ್ದರಿಂದ ಚಳಿ ಹೋಗಿ ಸೆಕೆ ಬಲಿಯುವ ಮೊದಲಿನ ಕೆಲವು ವಾರಗಳ ಬಿಸಿಲನ್ನು ಮನೆಯವರು ಕೂಡಿಡಬೇಕಾಗುತ್ತದೆ. ಮೇ ತಿಂಗಳ ಬಿಸಿಲು ಇದಕ್ಕಿಂತ ಪ್ರಖರವಾದುದೇ ಹೌದು. ಆದರೆ ಆಗ ಗಾಳಿಯಲ್ಲಿ ಪಸೆ ಹೆಚ್ಚು, ಯಾವ ಸಂಜೆ ಮೋಡ ಕವಿಯುವುದೋ ಹೇಳಲಾಗದು. ಮಾಘ ಫಾಲ್ಗುಣಗಳ ಬೆಳಗಿನ ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸುವುದರಿಂದ ಒಣದಾಗಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ನೆಲ ಕಾದು ಗಾಳಿ ಕಡಲಿನಿಂದ ಮೇಲೇರಿ ಬರುತ್ತದೆ, ಅದರಲ್ಲಿ ತೇವವಿರುತ್ತದೆ. ಅನುಭವವುಳ್ಳ ಗೃಹಿಣಿ ಬೆಳಗ್ಗೆ ಬೇಗನೆ ಚಾಪೆ ಹಾಸಿ, ಸಂಜೆಯ ತೇವ ಇಳಿಯುವ ಮೊದಲೇ ಅದನ್ನು ಸುತ್ತಿ ಒಳಗೆ ತರುತ್ತಾಳೆ. ನೆಲಗಾಳಿ ಕಡಲಗಾಳಿಗಳ ಪಾಠವನ್ನು ಭೂಗೋಳದ ಪುಸ್ತಕದಲ್ಲಿ ಓದುವ ಮಕ್ಕಳು ಅದರ ಪ್ರಯೋಗವನ್ನು ಮನೆಯ ಅಂಗಳದಲ್ಲಿ ಕಾಣಬಹುದು.

ಉದ್ದಿನ ಹಪ್ಪಳ, ಅಕ್ಕಿಯ ಸಂಡಿಗೆ, ಬೂದುಗುಂಬಳದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸು ಇವೆಲ್ಲ ಒಂದೊಂದಾಗಿ ಚಾಪೆಯನ್ನು ಏರಿ ಇಳಿಯುತ್ತವೆ. ಆದರೆ ನಿಜವಾದ ಸಂಭ್ರಮ ಹಲಸಿನಕಾಯಿಯ ಹಪ್ಪಳದ್ದು. ಬಲಿತು ಇನ್ನೂ ಹಣ್ಣಾಗದ ಕಾಯಿಯನ್ನು ಆರಿಸುವುದೇ ಒಂದು ವಿದ್ಯೆ. ಎಳೆಯದಾದರೆ ಹಪ್ಪಳ ಅಂಟುವುದಿಲ್ಲ, ಹಣ್ಣಾಗತೊಡಗಿದರೆ ಸಿಹಿಯಾಗಿ ಕೆಂಪೇರುತ್ತದೆ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣವನ್ನು ಒರೆಸಿ, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲೇ ಒರಳಿಗೆ ಹಾಕಿ ಕುಟ್ಟಬೇಕು. ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಕುಟ್ಟಿದ ಹಿಟ್ಟನ್ನು ಒಬ್ಬರು ಉಂಡೆ ಮಾಡಬೇಕು, ಒಬ್ಬರು ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು, ಇನ್ನೊಬ್ಬರು ಹರಿಯದಂತೆ ಬಿಡಿಸಿ ಚಾಪೆಯ ಮೇಲೆ ಹರಡಬೇಕು. ಉಂಡೆ ಮಾಡಿದಷ್ಟನ್ನೂ ಒತ್ತುವವರ ಕಡೆಗೆ ಹೋಗಲು ಬಿಡದೆ ಬಾಯಿಗೆ ಹಾಕಿಕೊಳ್ಳುವ ಕೆಲಸಕ್ಕೆ ಮಕ್ಕಳು ಇದ್ದೇ ಇರುತ್ತಾರೆ. ಈ ಕೆಲಸ ಒಬ್ಬರಿಂದ ಆಗತಕ್ಕದ್ದಲ್ಲ. ಇಂದು ಈ ಮನೆಯ ಹಪ್ಪಳಕ್ಕೆ ಆಚೆಮನೆಯವರು ಬಂದರೆ, ನಾಡಿದ್ದು ಆಚೆಮನೆಯ ಹಪ್ಪಳಕ್ಕೆ ಈ ಮನೆಯವರು ಹೋಗುತ್ತಾರೆ. ಕಾಗೆ ಕಾಯುವುದು ಚಿಕ್ಕವರ ಪಾಲು. ಚಾಪೆಯ ಮೂಲೆಗೆ ಕರಿಯ ಬಟ್ಟೆಯನ್ನೋ ಮುರಿದ ಕೊಡೆಯನ್ನೋ ಕಟ್ಟಿಟ್ಟರೂ, ಕಾಗೆ ಎರಡನೆಯ ದಿನವೇ ಅದರ ಗುಟ್ಟನ್ನು ಕಂಡುಕೊಳ್ಳುತ್ತದೆ. “ಮಾಣಿ, ಕಾಕೆ ಬಂತು ನೋಡು!” ಎಂಬ ಕೂಗು ಹವ್ಯಕರ ಮನೆಯಂಗಳದಲ್ಲಿ ಆ ದಿನವೆಲ್ಲ ಕೇಳುತ್ತಲೇ ಇರುತ್ತದೆ.

ಇದೇ ಕಾಲದಲ್ಲಿ ಹೂಬಿಟ್ಟ ಮಾವಿನ ಮರಗಳಲ್ಲಿ ಮಿಡಿ ಕಟ್ಟುತ್ತದೆ. ಉಪ್ಪಿನಕಾಯಿಗೆ ಮಿಡಿಯನ್ನು ತೊಟ್ಟಿನೊಡನೆ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಮಿಡಿ ಒಂದು ಪದರ, ಹರಳುಪ್ಪು ಒಂದು ಪದರ ಎಂದು ಭರಣಿಯನ್ನು ತುಂಬಿದರೆ, ಉಪ್ಪು ಕಾಯಿಯೊಳಗಿನ ನೀರನ್ನು ಸೆಳೆದು ತಾನು ಕರಗುತ್ತದೆ. ಕಾಯಿ ಸುಕ್ಕಾಗಿ ತನ್ನ ನೀರಿನಲ್ಲೇ ಮುಳುಗುತ್ತದೆ. ಅಷ್ಟು ಉಪ್ಪಿರುವಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬದುಕಲಾರವು. ಬಳಿಕ ಸಾಸಿವೆ ಮೆಣಸುಗಳನ್ನು ಅದೇ ಉಪ್ಪುನೀರಿನಲ್ಲಿ ಅರೆದು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಇದಕ್ಕೆ ಬೇಕಾದ ಉಪ್ಪು ಇದೇ ಕುಮಟಾ ತಾಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಇದೇ ಬಿಸಿಲಿನಲ್ಲಿ ಹರಳುಗಟ್ಟುತ್ತದೆ. ಉಪ್ಪನ್ನು ಅಲ್ಪವಸ್ತುವೆಂದು ಎಣಿಸುವವರು 1930ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಆಗ ನೆರೆಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಸಮುದ್ರದ ನೀರಿನಿಂದ ಉಪ್ಪು ಮಾಡಿ ಬ್ರಿಟಿಷರ ಕಾಯಿದೆಯನ್ನು ಮುರಿದರು. ಅಡುಗೆಮನೆಯ ಒಂದು ಹಿಡಿ ಉಪ್ಪು ಒಂದು ಸಾಮ್ರಾಜ್ಯಕ್ಕೆ ತಲೆನೋವಾಗಿತ್ತು.

ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಗಳ ಗದ್ದೆಗಳಲ್ಲಿ ಭತ್ತದ ತರುವಾಯ ಬೆಳೆಯುವ ಕುಮಟಾದ ಸಿಹಿ ಈರುಳ್ಳಿ ಬೇಸಿಗೆಯ ಆರಂಭದಲ್ಲಿ ಹೆದ್ದಾರಿಯ ಬದಿಗೆ ಬರುತ್ತದೆ. ಅದನ್ನು ಎಲೆಸಹಿತ ಜಡೆಯಂತೆ ಹೆಣೆದು ಗೊಂಚಲು ಗೊಂಚಲಾಗಿ ತೂಗುಹಾಕುತ್ತಾರೆ. ಮನೆಯ ಜಂತಿಗೆ ಅಂಥ ನಾಲ್ಕು ಗೊಂಚಲು ಕಟ್ಟಿದ ದಿನ ಆ ಮನೆಯವರಿಗೆ ಆಗುವ ಸಮಾಧಾನ ಬ್ಯಾಂಕಿನ ಪುಸ್ತಕವನ್ನು ನೋಡಿದಾಗ ಆಗುವುದೆಂದು ಹೇಳಲಾಗದು.

ಇವು ಸಣ್ಣ ಸುಖಗಳು ಎಂದು ಕೆಲವರು ಮುಗುಳುನಗಬಹುದು. ಮೂವತ್ತು ರೂಪಾಯಿಗೋ ಐವತ್ತು ರೂಪಾಯಿಗೋ ಸಿಕ್ಕುವ ಹಪ್ಪಳಕ್ಕಾಗಿ ಇಡೀ ದಿನ ಮೈಮುರಿಯುವುದು ಮೂರ್ಖತನವೆಂಬುದು ಅವರ ವಾದ. ಬೇರೆ ಕೆಲವರು ಇದಕ್ಕೆ ತೀರ ವಿರುದ್ಧ. ರಜೆಯಲ್ಲಿ ನಾಲ್ಕು ದಿನ ಹಳ್ಳಿಗೆ ಬಂದು, ಜಗಲಿಯ ಮೇಲೆ ಕುಳಿತು ಅಪ್ಪೆಹುಳಿ ಕುಡಿದು, ‘ಆಹಾ, ಸರಳ ಜೀವನವೆಂದರೆ ಇದು’ ಎಂದು ಹೊಗಳಿ ಹೋಗುವವರು ಅವರು. ಈ ಇಬ್ಬರಲ್ಲಿ ಹೆಚ್ಚು ಅಪಾಯಕಾರಿ ಯಾರು ಎಂದರೆ ಹೊಗಳುವವರು ಎಂದೇ ಹೇಳಬೇಕು. ಹೀಗಳೆಯುವವನಿಗೆ ಕೆಲಸ ಕಾಣುತ್ತದೆ, ಅದರ ಸುಖ ಕಾಣುವುದಿಲ್ಲ. ಹೊಗಳುವವನಿಗೆ ಸುಖ ಕಾಣುತ್ತದೆ. ಮಾಡಿದ ಕೈ ಕಾಣುವುದಿಲ್ಲ. ಒರಳು ಕುಟ್ಟಿ ತೋಳು ಬಿದ್ದವಳಿಗೆ ಸರಳ ಜೀವನದ ಸ್ತೋತ್ರವನ್ನು ಹೇಳುವುದು ಶಿಷ್ಟಾಚಾರವೂ ಅಲ್ಲ.

ಈ ಕೈಗಳ ಲೆಕ್ಕವನ್ನು ಸರಕಾರವೇ ಒಮ್ಮೆ ತೆಗೆದಿದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ಭಾರತೀಯರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು. ಅದರಲ್ಲಿ ತೊಡಗುವ ಗಂಡಸರು 97 ನಿಮಿಷ. ಹಾಗೆ ತೊಡಗುವ ಗಂಡಸರಾದರೂ ನೂರಕ್ಕೆ 26 ಮಂದಿ ಮಾತ್ರ. ಹೆಂಗಸರು 81 ಮಂದಿ. ಅಂಗಳದಲ್ಲಿ ಹತ್ತು ಜನ ಕುಳಿತು ನಗುತ್ತ ಮಾಡಿದ ಹಪ್ಪಳ ಹಬ್ಬವಾಗುತ್ತದೆ. ಅದೇ ಹಪ್ಪಳವನ್ನು ಒಬ್ಬಳೇ ಮಾಡಿದರೆ ಅದು ದಂಡನೆ. ಹಿಟ್ಟು ಒಂದೇ, ಬಿಸಿಲು ಒಂದೇ. ವ್ಯತ್ಯಾಸ ಚಾಪೆಯ ಸುತ್ತ ಕುಳಿತವರ ಎಣಿಕೆಯಲ್ಲಿದೆ.

ಆದುದರಿಂದ ಹಳೆಯದೆಲ್ಲವನ್ನೂ ಉಳಿಸಿಕೊಳ್ಳಬೇಕೆಂಬ ಹಟ ಸಲ್ಲದು. ಹೊಗೆಯನ್ನು ಉಳಿಸಿಕೊಳ್ಳಬೇಕಾಗಿಲ್ಲ. ಹಸಿ ಸೌದೆಯ ಒಲೆಯನ್ನು ಊದಿ ಊದಿ ಕಣ್ಣು, ಶ್ವಾಸಕೋಶಗಳನ್ನು ಕೆಡಿಸಿಕೊಂಡ ತಾಯಂದಿರ ತಲೆಮಾರುಗಳೇ ಕಳೆದುಹೋಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ರಾಜ್ಯದ ಹಲವಾರು ಹಳ್ಳಿಗಳನ್ನು ಮುಟ್ಟಿತು; ಈಗ ಅನಿಲದ ಒಲೆಯೂ ಬಂದಿದೆ. ಒರಳಿನ ಕೆಲಸವನ್ನು ಯಂತ್ರ ಮಾಡಿದರೆ ಹಪ್ಪಳದ ರುಚಿ ಕೂದಲೆಳೆಯಷ್ಟು ಕುಗ್ಗಬಹುದು; ತೋಳಿನ ನೋವು ಪೂರ್ತಿ ಉಳಿಯುತ್ತದೆ. ಈ ವ್ಯಾಪಾರದಲ್ಲಿ ನಷ್ಟವಿಲ್ಲ.

ಕೊಂಡು ತಿನ್ನುವುದೂ ಅಪರಾಧವೇನಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು, ತಮ್ಮ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅದೂ ಚಳಿ ಕಳೆದ ಬಿಸಿಲೇ. ಅಂದಿನ ಆ ಕೆಲಸ ಇಂದು ಲಿಜ್ಜತ್ ಎಂಬ ಹೆಸರಿನಲ್ಲಿ ಸಾವಿರಾರು ಹೆಂಗಸರ ಒಡೆತನದ ದೊಡ್ಡ ಸಹಕಾರಿ ಉದ್ಯಮವಾಗಿದೆ. ಮನೆಯಲ್ಲಿ ಬೆಲೆ ಕಟ್ಟದೆ ಉಳಿದಿದ್ದ ವಿದ್ಯೆಗೆ ಪೇಟೆ ಬೆಲೆ ಕಟ್ಟಿತು. ಅದನ್ನು ಆ ಮೊದಲೇ ಮನೆಯವರು ಕಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಮಾರ್ಚ್ ತಿಂಗಳೆಂದರೆ ಹಲಸಿನಕಾಯಿ ಬಲಿಯುವ ತಿಂಗಳು, ಪರೀಕ್ಷೆಯ ತಿಂಗಳೂ ಹೌದು. ಒಂದೇ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಹುಡುಗಿಯೊಬ್ಬಳು ಇದ್ದರೆ, ಹಪ್ಪಳದ ದಿನ ಸೊಳೆ ಬಿಡಿಸಲು ಕರೆ ಬರುವುದು ಯಾರಿಗೆ? ‘ಅವನು ಓದಲಿ, ನೀನು ಬಾ ತಂಗಿ’ ಎಂಬ ಮಾತು ಕಿವಿಗೆ ಅಷ್ಟೇನೂ ಕಠೋರವಾಗಿ ಕೇಳಿಸುವುದಿಲ್ಲ. ಪ್ರೀತಿಯಿಂದಲೇ ಆಡಿದ ಮಾತು ಅದು. ಆದರೆ ಆ ಪ್ರೀತಿಯ ಬೆಲೆಯನ್ನು ತಂಗಿ ತನ್ನ ಅಂಕಪಟ್ಟಿಯಲ್ಲಿ ತೆರುತ್ತಾಳೆ. ಅಣ್ಣನಿಗೂ ನಷ್ಟವೇ. ಮಿಡಿ ಆರಿಸುವುದನ್ನು, ಗಾಳಿಯ ದಿಕ್ಕು ನೋಡಿ ಚಾಪೆ ಹಾಸುವುದನ್ನು ಯಾರೂ ಅವನಿಗೆ ಕಲಿಸುವುದಿಲ್ಲ. ಮುಂದೆ ದೂರದ ಊರಿನ ಬಾಡಿಗೆಯ ಕೋಣೆಯಲ್ಲಿ ಅವನು ತನ್ನ ಊಟಕ್ಕೆ ಸಂಪೂರ್ಣವಾಗಿ ಇನ್ನೊಬ್ಬರ ಕೈಕಾಯುತ್ತಾನೆ.

ಈಚೆಗೆ ಕೆಲವು ಮನೆಗಳಲ್ಲಿ ಹಪ್ಪಳದ ಕೆಲಸವನ್ನು ಪರೀಕ್ಷೆ ಮುಗಿದ ಮೇಲಿನ ರವಿವಾರಕ್ಕೆ ಇಟ್ಟುಕೊಳ್ಳುವುದುಂಟು. ಆಗ ಅಪ್ಪನಿಗೂ ಬಿಡುವು, ಅಣ್ಣನಿಗೂ ಬಿಡುವು. ಕಾಗೆ ಕಾಯುವ ಕೆಲಸಕ್ಕಿಂತ ಮೇಲಿನ ಪದವಿ ಹುಡುಗನಿಗೂ ಸಿಕ್ಕುತ್ತದೆ. ಮೊದಲ ದಿನ ಅವನು ಒತ್ತಿದ ಹಪ್ಪಳ ಒಂದು ಬದಿ ದಪ್ಪ, ಒಂದು ಬದಿ ತೆಳು. ಅದು ಒಣಗಲು ಉಳಿದವುಗಳಿಗಿಂತ ಒಂದು ದಿನ ಹೆಚ್ಚು ಬೇಕು. ಆ ಒಂದು ದಿನದ ಬಿಸಿಲು ಧಾರೇಶ್ವರದಲ್ಲಿ ಆಗ ಧಾರಾಳವಾಗಿ ಇರುತ್ತದೆ.