ಅಪ್ಪನ ಪೆಟ್ಟಿಗೆಯ ಚಾಕುಗಳು: ಉಜ್ಜುವ ಮೊದಲು ಓದಿ

ಊರಿನಲ್ಲಿ ಹಿರಿಯರ ಮನೆ ಖಾಲಿ ಮಾಡುವ ಕಾಲ ನಮ್ಮಲ್ಲಿ ಅನೇಕರಿಗೆ ಬಂದಿದೆ. ಪಾತ್ರೆ ಪಡಗ ನೆಂಟರಿಗೆ, ಪುಸ್ತಕ ಗ್ರಂಥಾಲಯಕ್ಕೆ ಹೋದ ಮೇಲೆ ಕೊನೆಗೊಂದು ತಗಡಿನ ಪೆಟ್ಟಿಗೆ ಉಳಿಯುತ್ತದೆ. ಅದರಲ್ಲಿ ನಿಂತುಹೋದ ಎಚ್‌ಎಂಟಿ ಗಡಿಯಾರ, ಮಸಿ ಒಣಗಿದ ಪೆನ್ನು, ಒಂದು ಅಡಕತ್ತರಿ, ಜೊತೆಗೆ ನಾಲ್ಕಾರು ಮಡಚುವ ಚಾಕು. ಪೆಟ್ಟಿಗೆ ಸೂಟ್‌ಕೇಸಿನಲ್ಲಿ ಕೂತು ಷಾರ್ಲೆಟ್‌ಗೆ ಬಂದು ಗ್ಯಾರೇಜಿನ ಶೆಲ್ಫ್ ಸೇರುತ್ತದೆ. ಈ ಸಲದ ಅಂಕಣ ಆ ಚಾಕುಗಳ ಬಗ್ಗೆ.

ಇಂಥ ಚಾಕು ಕೈಗೆ ಬಂದವರು ಕೇಳುವ ಪ್ರಶ್ನೆ ಎರಡು. ಇದಕ್ಕೆ ಎಷ್ಟು ಬೆಲೆ? ಇದನ್ನು ಹೊಳೆಯುವಂತೆ ಮಾಡುವುದು ಹೇಗೆ? ಎರಡಕ್ಕೂ ಉತ್ತರ ಒಂದೇ: ಮೊದಲು ಓದಿ, ಆಮೇಲೆ ಉಜ್ಜಿ.

ಓದುವುದೆಂದರೆ, ಅಲಗು ಹಿಡಿಗೆ ಸೇರುವ ಬುಡವನ್ನು ಭೂತಗನ್ನಡಿಯಲ್ಲಿ ನೋಡುವುದು. ತಯಾರಕರು ತಮ್ಮ ಹೆಸರನ್ನು ಅಚ್ಚೊತ್ತುವುದು ಅಲ್ಲಿಯೇ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಕಂಡರೆ ಅದು ಇಂಗ್ಲೆಂಡಿನ ಷೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಆ ಮುದ್ರೆ 1682ರಷ್ಟು ಹಳೆಯದು. ಆ ಹೆಸರಿಗೆ ನಕಲುಗಳೂ ಬಹಳ, ಎಚ್ಚರವಿರಲಿ. ‘ಸ್ಟೇನ್‌ಲೆಸ್’ ಎಂದಿದ್ದರೆ ಚಾಕು 1913ಕ್ಕಿಂತ ಹಿಂದಿನದಲ್ಲ. ಷೆಫೀಲ್ಡ್‌ನ ಹ್ಯಾರಿ ಬ್ರೇರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು ಆ ವರ್ಷ. ವಿದೇಶದಿಂದ ಬಂದ ಚಿಕ್ಕಪ್ಪ ಕೊಟ್ಟ ಕೆಂಪು ಸ್ವಿಸ್ ಚಾಕುವಿನ ಮೇಲೆ ‘ವಿಕ್ಟೋರಿನಾಕ್ಸ್’ ಎಂದಿದೆಯೇ? ಆ ಹೆಸರು ಹುಟ್ಟಿದ್ದು 1921ರಲ್ಲಿ. 1970ರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರು ಕೊಂಡ ‘ಕೇಸ್’ ಚಾಕುವಾದರೆ ಕೆಲಸ ಇನ್ನೂ ಸುಲಭ. 1970ರಲ್ಲಿ ಆ ಕಂಪನಿ ಹೆಸರಿನ ಕೆಳಗೆ ಹತ್ತು ಚುಕ್ಕೆ ಇಟ್ಟಿತು, ಪ್ರತಿ ವರ್ಷ ಒಂದೊಂದು ತೆಗೆಯುತ್ತ ಹೋಯಿತು. ಏಳು ಚುಕ್ಕೆ ಇದ್ದರೆ 1973. ನಮ್ಮ ರಂಗೋಲಿಯ ಹಾಗೆ, ಚುಕ್ಕೆ ಎಣಿಸಿದರೆ ಸಾಕು!

ಬೆಲೆಯ ವಿಷಯಕ್ಕೆ ಬಂದರೆ, ಬಹುಪಾಲು ಚಾಕುಗಳು ಕೆಲವು ಡಾಲರಿಗಿಂತ ಹೆಚ್ಚು ಬಾಳುವುದಿಲ್ಲ. ಅಪರೂಪದ್ದಕ್ಕೆ ಬೆಲೆ ಬರುವುದು ಅಲಗು ಹೆಚ್ಚು ಸವೆಯದೆ, ಹಿಡಿ ಬಿರುಕು ಬಿಡದೆ, ತೆರೆದಾಗ ಸ್ಪ್ರಿಂಗ್ ‘ಟಕ್’ ಎಂದು ಕೂತು, ಬುಡದ ಅಚ್ಚು ಸ್ಪಷ್ಟವಾಗಿದ್ದರೆ. ಸ್ಮೋಕಿ ಬೆಟ್ಟಗಳ ಕಡೆಗೆ ಪ್ರವಾಸ ಹೋದಾಗ ಟೆನೆಸಿಯ ಸೆವಿಯರ್‌ವಿಲ್‌ನಲ್ಲಿರುವ ಸ್ಮೋಕಿ ಮೌಂಟನ್ ನೈಫ್ ವರ್ಕ್ಸ್‌ಗೆ ಒಮ್ಮೆ ಹೋಗಿ ಹಳೆಯ ಚಾಕುಗಳನ್ನು ನೋಡಿ ಬನ್ನಿ. ಬೇಸಗೆಯಲ್ಲಿ ಅಟ್ಲಾಂಟಾದಲ್ಲಿ ನಡೆಯುವ ಬ್ಲೇಡ್ ಶೋನಲ್ಲಿ ಬಲ್ಲವರು ಸಿಗುತ್ತಾರೆ. ಕೊಳ್ಳುವವರನ್ನೇ ಬೆಲೆ ಕೇಳಬೇಡಿ, ಅಷ್ಟೆ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಪರಿಚಯದ ಒಬ್ಬರ ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಮೂವತ್ತು ವರ್ಷ ಒಂದೇ ಚಾಕುವಿನಲ್ಲಿ ಮಕ್ಕಳ ಪೆನ್ಸಿಲ್ ಹೆರೆದುಕೊಟ್ಟವರು. ಅಲಗಿನ ನಡುಭಾಗ ಸವೆದು ಒಳಕ್ಕೆ ಬಾಗಿತ್ತು. ಮಗ ಅದನ್ನು ಸಾಣೆ ಹಿಡಿಯುವ ಒಂದು ಅಂಗಡಿಗೆ ಕೊಟ್ಟರು. ಕನ್ನಡಿಯಂತೆ ಹೊಳೆಯುತ್ತ ವಾಪಸು ಬಂತು. ಬುಡದ ಅಚ್ಚೂ ಹೋಗಿತ್ತು, ಆ ಬಾಗೂ ಹೋಗಿತ್ತು. ಊರಿನಿಂದ ಬಂದಿದ್ದ ತಾಯಿ ಅದನ್ನು ತಿರುಗಿಸಿ ನೋಡಿ, “ಇದು ಯಾರದಪ್ಪಾ?” ಅಂದರಂತೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ ಮಿನರಲ್ ಆಯಿಲ್ ಒಂದೆರಡು ಹನಿ ಕೀಲಿಗೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮರುದಿನ ನಿಧಾನವಾಗಿ ತೆರೆದು, ಒಳಗಿನ ಕಸವನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಕೆಂಪು ತುಕ್ಕಿದ್ದರೆ ಅತಿ ನಯವಾದ, ನಾಲ್ಕು ಸೊನ್ನೆಯ ಸ್ಟೀಲ್ ಉಲ್ಲನ್ನು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಉಜ್ಜಿ; ಅಚ್ಚಿನ ಮೇಲೆ ಬೇಡ. ಬೂದು-ಕಪ್ಪು ಬಣ್ಣ ತುಕ್ಕಲ್ಲ, ಅದು ಉಕ್ಕಿನ ರಕ್ಷಾಕವಚ, ಇರಲಿ ಬಿಡಿ. ಹಿತ್ತಾಳೆ ಬೆಳಗುವ ಹುಣಿಸೆಹಣ್ಣು ಉಕ್ಕಿಗೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕೊಬ್ಬರಿ ಎಣ್ಣೆ ನಮ್ಮ ಷಾರ್ಲೆಟ್ ಚಳಿಗೆ ಕೀಲಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಶ್‌ವಾಷರ್ ಮಾತು ಎತ್ತಲೇಬೇಡಿ. ಯಂತ್ರದ ಸಾಣೆಯಲ್ಲಿ ಅಲಗು ಕಾದು ನೀಲಿಯಾದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ.

ಹಿಡಿಯನ್ನೂ ಗಮನಿಸಿ. ಬೆರಳಿನಿಂದ ತಿಕ್ಕಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಹಳತಾದಂತೆ ಅದು ಬಿಡುವ ಆಮ್ಲದ ಹಬೆ ಪಕ್ಕದ ಚಾಕುಗಳಿಗೂ ತುಕ್ಕು ತರುತ್ತದೆ. ಬೇರೆಯಾಗಿಡಿ, ದೀಪದ ಹತ್ತಿರವಂತೂ ಬೇಡ, ಥಟ್ಟನೆ ಹೊತ್ತಿಕೊಳ್ಳುತ್ತದೆ. ಉಳಿದವನ್ನು ಚರ್ಮದ ಚೀಲದಲ್ಲಿಡದೆ ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗ್ಯಾರೇಜಿನಿಂದ ಮನೆಯೊಳಗೆ ತನ್ನಿ.

ಕಾನೂನಿನ ಮಾತೂ ಇದೆ. ಚಾಕು ಯಾವಾಗಲೂ ಚೆಕ್-ಇನ್ ಸೂಟ್‌ಕೇಸಿನಲ್ಲಿರಲಿ. ಆನೆದಂತ ಅಥವಾ ಕಡವೆ ಕೊಂಬಿನ ಹಿಡಿಯಿದ್ದರೆ ಊರಲ್ಲೇ ಬಿಡಿ. ಕೊಡಗಿನ ಮನೆಗಳ ಹಳೆಯ ಪೀಚೆಕತ್ತಿಗೂ ಈ ಮಾತು ಅನ್ವಯಿಸುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಅಮೆರಿಕವೂ 2016ರಲ್ಲಿ ದಂತದ ನಿಯಮ ಬಿಗಿ ಮಾಡಿದೆ. ನೂರು ವರ್ಷ ದಾಟಿದ ಕುಸುರಿ ಕೆಲಸದ ವಸ್ತುವಾದರೆ ಪುರಾತನ ವಸ್ತುಗಳ ಕಾಯಿದೆ ಅಡ್ಡ ಬರುತ್ತದೆ. ಇನ್ನು, ಮಡಚಿದ ಸಾಮಾನ್ಯ ಚಾಕು ಜೇಬಿನಲ್ಲಿರುವುದು ಉತ್ತರ ಕೆರೊಲಿನಾದಲ್ಲಿ ತಪ್ಪಲ್ಲ. ಶಾಲೆಯ ಆವರಣಕ್ಕೆ ತರುವುದು ಅಪರಾಧ. “ತಾತನ ಚಾಕು ಕ್ಲಾಸಿನಲ್ಲಿ ತೋರಿಸಲಾ?” ಎಂದು ಮಗು ಕೇಳಿದರೆ ಫೋಟೋ ಕೊಟ್ಟು ಕಳಿಸಿ. ಸಂಘದ ಹಬ್ಬ ಶಾಲೆಯ ಸಭಾಂಗಣದಲ್ಲಿ ನಡೆದರೆ ದೊಡ್ಡವರಿಗೂ ಇದೇ ಮಾತು.

ಆಯುಧಪೂಜೆಯ ದಿನ ಈ ಚಾಕುಗಳನ್ನೂ ಮಣೆಯ ಮೇಲಿಡಿ. ಅರಿಸಿನ ಕುಂಕುಮದ ಒದ್ದೆ ಅಲಗಿನ ಮೇಲೆ ಉಳಿಯದಂತೆ ಮರುದಿನವೇ ಒರೆಸಿ ಎಣ್ಣೆ ಹಚ್ಚಿ. ಅಂದೇ ಊರಿಗೆ ಫೋನ್ ಮಾಡಿ, ಅಮ್ಮನನ್ನೋ ಸೋದರತ್ತೆಯನ್ನೋ ಕೇಳಿ: ಇದು ಯಾರ ಜೇಬಿನಲ್ಲಿತ್ತು? ಇದರಿಂದ ಏನು ಕತ್ತರಿಸುತ್ತಿದ್ದರು? ತಯಾರಕರ ಅಚ್ಚು ನೂರು ವರ್ಷವಾದರೂ ಉಳಿದೀತು, ಅದನ್ನು ಓದಿ ಹೇಳುವ ಪುಸ್ತಕಗಳೂ ಇವೆ. ಅಲಗಿನ ಸವೆತವನ್ನು ಓದಬಲ್ಲವರು ಮನೆಯಲ್ಲಿ ಒಬ್ಬಿಬ್ಬರು ಮಾತ್ರ, ಅವರಿಗೆ ಈಗ ಎಂಬತ್ತು ದಾಟಿದೆ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಚಾಕುವಿನ ಜೊತೆಗೇ ಇಡಿ.