ಗುಳಿಗೆ ತಾಗದೆ ಹೋದಾಗ

ಕಳೆದ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಹೋಟೆಲುಗಳಲ್ಲಿ ಊಟದ ಗದ್ದಲ ಮುಗಿದು ಕೆಲಸಗಾರರಿಗೆ ಎರಡು ತಾಸು ಬಿಡುವು ಸಿಗುವ ಹೊತ್ತಿನಲ್ಲಿ, ಡೊಂಬಿವಲಿಯ ಸದಸ್ಯರೊಬ್ಬರು ನಮ್ಮ ಸಂಘದ ಕಚೇರಿಗೆ ಬಂದರು. ಹೆಸರು ಬೇಡ. ಕುಂದಾಪುರದ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಠಾಣೆಯ ಹೋಟೆಲೊಂದರಲ್ಲಿ ಸಪ್ಲಾಯರ್. ವರ್ಗಣಿ ಕಟ್ಟಲು ಬಂದಿರಬೇಕೆಂದು ನಾವು ರಸೀದಿ ಪುಸ್ತಕ ತೆಗೆದೆವು. ಅವರು ಅಂಗಿಯ ಜೇಬಿನಿಂದ ಅರ್ಧ ಖಾಲಿಯಾದ ಗುಳಿಗೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಐದು ವರ್ಷ ಇದು ನನ್ನನ್ನು ಕಾಪಾಡಿತು ಮಾರಾಯ್ರೆ. ಈಗ ತಾಗುವುದೇ ಇಲ್ಲ. ಇನ್ನು ಬಿಟ್ಟುಬಿಡುವುದೇ ಒಳ್ಳೆಯದಲ್ಲವೊ?” ಎಂದು ಕೇಳಿದರು.

ಅದು ಖಿನ್ನತೆಗೆ ಕೊಡುವ ಗುಳಿಗೆ. ನಿದ್ರೆ ಬಾರದೆ, ಉಂಡದ್ದು ರುಚಿಸದೆ, ಎದ್ದು ನಿಲ್ಲುವುದೇ ಭಾರವಾಗಿ ಊರಿಗೆ ಹೊರಟು ನಿಂತಿದ್ದ ಮನುಷ್ಯನನ್ನು ಆ ಗುಳಿಗೆ ಮತ್ತೆ ಕೆಲಸಕ್ಕೆ ತಂದು ನಿಲ್ಲಿಸಿತ್ತು. ಈಗ ನಾಲ್ಕು ತಿಂಗಳಿಂದ ಹಳೆಯ ಕತ್ತಲೆ ಮತ್ತೆ ಕವಿದಿದೆ. ಮೂರು ಟೇಬಲಿನ ಆರ್ಡರು ತಲೆಯಲ್ಲಿ ನಿಲ್ಲುವುದಿಲ್ಲ. ಗಲ್ಲಾದ ಮೇಲೆ ಕುಳಿತವರು ಬೈದರೆ ಸಿಟ್ಟು ಕೂಡ ಬರುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಮೊದಲು ಅವರು ತಾವಾಗಿಯೇ ಒಂದರ ಬದಲು ಎರಡು ಗುಳಿಗೆ ನುಂಗಿದರು. ಅದರಿಂದಲೂ ಗುಣ ಕಾಣದೆ ಒಂದು ದಿನ ಎಲ್ಲವನ್ನೂ ನಿಲ್ಲಿಸಿದರು. ಮೂರನೆಯ ದಿನಕ್ಕೆ ತಲೆ ತಿರುಗು, ವಾಕರಿಕೆ, ತಲೆಯೊಳಗೆ ವಿದ್ಯುತ್ತು ಹರಿದಂತೆ ಜುಂ ಎನ್ನುವುದು. “ನೋಡಿ, ಇದು ವಿಷವೇ ಸರಿ” ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಕಚೇರಿಯಲ್ಲಿ ಆಗ ಇದ್ದ ನಮ್ಮಲ್ಲೊಬ್ಬರು, “ಮನಸ್ಸು ಗಟ್ಟಿ ಮಾಡಿಕೊಳ್ಳಿ, ಊರಿಗೆ ಹೋಗಿ ಹದಿನೈದು ದಿವಸ ಇದ್ದು ಬನ್ನಿ” ಎಂದುಬಿಟ್ಟರು. ಕಾಲು ಮುರಿದವನಿಗೆ ನಾವು ಹೀಗೆ ಹೇಳುವುದಿಲ್ಲ. ಆ ಮನುಷ್ಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಬಾಗಿಲ ತನಕ ಹೋದವರನ್ನು ಕರೆದು ಕೂರಿಸಿ ಚಹಾ ತರಿಸಿದ್ದು ನಮ್ಮ ಪುಣ್ಯ. ಅಂದಿನಿಂದ ಈ ವಿಷಯದಲ್ಲಿ ತಿಳಿದವರನ್ನು ವಿಚಾರಿಸಿ ನಾವು ಕಂಡುಕೊಂಡದ್ದನ್ನು ಬರೆಯುವುದು ಅವಶ್ಯವೆಂದು ತೋರಿತು. ಏಕೆಂದರೆ ಇದೇ ಹಾಳೆ ಇನ್ನೆಷ್ಟು ಜೇಬುಗಳಲ್ಲಿ ಇದೆಯೋ ಯಾರು ಬಲ್ಲರು?

ಗುಳಿಗೆ ತಾಗದೆ ಹೋಗುವುದು ಅಪರೂಪದ ಸಂಗತಿಯಲ್ಲ, ರೋಗಿಯ ಅಪರಾಧವೂ ಅಲ್ಲ. ಅಮೇರಿಕದಲ್ಲಿ ಸುಮಾರು 4,000 ರೋಗಿಗಳನ್ನು ಹಂತ ಹಂತವಾಗಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನವಿದೆ. ಮೊದಲನೆಯ ಗುಳಿಗೆಯಿಂದಲೇ ಪೂರ್ಣ ಗುಣ ಕಂಡವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಮಾತ್ರ. ಉಳಿದವರಲ್ಲಿ ಹಲವರಿಗೆ ಎರಡನೆಯದು ಹಿಡಿಯಿತು. ಮೂರನೆಯ, ನಾಲ್ಕನೆಯ ಹಂತಗಳಲ್ಲಿ ಗುಣವಾದವರ ಸಂಖ್ಯೆ ಇನ್ನೂ ಇಳಿಯಿತು. ಗುಣವಾದವರಲ್ಲಿಯೂ ಅನೇಕರಿಗೆ ವರ್ಷ ತುಂಬುವುದರೊಳಗೆ ರೋಗ ಮರುಕಳಿಸಿತು. ಒಟ್ಟು ಲೆಕ್ಕದ ಬಗ್ಗೆ ಪಂಡಿತರಲ್ಲಿ ಈಗಲೂ ವಾದವಿದೆ. ಅದು ನಮಗೆ ಬೇಡ. ಒಂದು ಗುಳಿಗೆ ಸೋತರೆ ದಾರಿ ಮುಗಿಯಲಿಲ್ಲ ಎಂಬಷ್ಟು ನಮಗೆ ಸಾಕು.

ಈ ಔಷಧಗಳ ಹುಟ್ಟಿನ ಕಥೆಯೂ ನಮಗೆ ಸಂಬಂಧಿಸಿದ್ದೇ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಮದ್ದು ಕೊಟ್ಟಾಗ, ಮಲಗಿದ್ದವರು ಎದ್ದು ನಗತೊಡಗಿದ್ದನ್ನು ಕಂಡು ಡಾಕ್ಟರರು ಬೆರಗಾದರು. ಮನಸ್ಸಿಗೂ ಮದ್ದುಂಟೆಂಬುದು ಗೊತ್ತಾದ ದಾರಿಗಳಲ್ಲಿ ಅದೊಂದು. ಆದರೆ ಕ್ಷಯದ ಕ್ರಿಮಿ ಮದ್ದಿಗೆ ಒಗ್ಗಿಹೋಗುವಂತೆ ಇಲ್ಲಿಯೂ ರೋಗ ಮದ್ದಿಗೆ ಒಗ್ಗಿಹೋಯಿತು ಎಂದು ತಿಳಿಯುವವರಿದ್ದಾರೆ. ಇಲ್ಲಿ ಕ್ರಿಮಿಯಿಲ್ಲ. ಕಾರಣ ಬೇರೆ ಬೇರೆ ಇರುತ್ತದೆ, ಅದನ್ನು ಹುಡುಕಬೇಕು. ಹುಡುಕುವ ಕೆಲಸದಲ್ಲಿ ಅರ್ಧ ಪಾಲು ನಮ್ಮದು. ನಾವು ನಿಜ ಹೇಳದೆ ಡಾಕ್ಟರರು ಏನನ್ನು ಕಂಡಾರು?

ನಮ್ಮ ಬದುಕನ್ನೇ ನೋಡಿ. ಬೆಳಗಿನ ಪಾಳಿಯವರು ಕಲ್ಯಾಣದಿಂದ ನಸುಕಿನ ಗಾಡಿ ಹಿಡಿಯುತ್ತಾರೆ, ರಾತ್ರಿಯವರು ಕೊನೆಯ ಗಾಡಿಗೆ ಓಡುತ್ತಾರೆ. ಪಾಳಿ ಬದಲಾದ ವಾರ ಗುಳಿಗೆ ಎರಡು ಸಲ ತಪ್ಪುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಾಳೆ ಮುಗಿಯುತ್ತದೆ. ಮನೆಯವರಿಗೆ ಗೊತ್ತಾಗಬಾರದೆಂದು ಊರಿನ ಅಂಗಡಿಯಲ್ಲಿ ಕೇಳುವುದಿಲ್ಲ. ಹೋಟೆಲು ಮುಚ್ಚಿದ ಮೇಲೆ ಕಾಲು ನೋವಿಗೆಂದು ಒಂದು ಕ್ವಾರ್ಟರು. ಕುಡಿತವು ಖಿನ್ನತೆಯ ಬೆಂಕಿಗೆ ಸುರಿಯುವ ಎಣ್ಣೆ. ಎಷ್ಟು ಒಳ್ಳೆಯ ಗುಳಿಗೆಯಾದರೂ ಅದರ ಮುಂದೆ ಸೋಲುತ್ತದೆ. ಬೆನ್ನು ನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಯೂ ನಿರಪಾಯವಲ್ಲ: ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವು ಖಿನ್ನತೆಯ ಹಲವು ಗುಳಿಗೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು, ಟ್ರಾಮಡಾಲ್ ಸೇರಿದರೆ ಇನ್ನೂ ಅಪಾಯ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಖಿನ್ನತೆಯ ಕೆಲವು ಗುಳಿಗೆಗಳ ಬಲವನ್ನು ದೇಹದೊಳಗೆ ತಗ್ಗಿಸಿಬಿಡುತ್ತದೆ. ಆದುದರಿಂದ ಬೇರೆ ಯಾವ ಯಾವ ಮದ್ದು ನಡೆದಿದೆ ಎಂಬುದನ್ನು ಮುಚ್ಚಿಡಬಾರದು.

ಖಿನ್ನತೆಯ ವೇಷದಲ್ಲಿ ಬೇರೆ ರೋಗ ಬರುವುದೂ ಉಂಟು. ಥೈರಾಯಿಡ್ ಗ್ರಂಥಿ ಮಂದವಾದರೆ ಇದೇ ಸುಸ್ತು, ಇದೇ ಜಡತೆ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತಿಂದವರಲ್ಲಿಯೂ ಅದು ಕಡಿಮೆಯಾಗುತ್ತದೆ. ಇದನ್ನು ನಮ್ಮ ಹಿರಿಯ ಗಿರಣಿ ಬಂಧುಗಳು ವಿಶೇಷವಾಗಿ ಗಮನಿಸಬೇಕು. ರಕ್ತ ಪರೀಕ್ಷೆಯಿಂದ ತಿಳಿಯುವ ಸಂಗತಿಗೆ ವರ್ಷಗಟ್ಟಲೆ ನರಳುವುದೇಕೆ? ಇನ್ನು ಕೆಲವರಿಗೆ ನಡುನಡುವೆ ಅತಿಯಾದ ಉತ್ಸಾಹ ಬರುವುದುಂಟು. ನಿದ್ರೆಯಿಲ್ಲದಿದ್ದರೂ ದಣಿವಿಲ್ಲ, ಕೈಯಲ್ಲಿ ಹಣ ನಿಲ್ಲುವುದಿಲ್ಲ, ಮಾತು ನಿಲ್ಲುವುದಿಲ್ಲ. ‘ಆಗ ನಾನು ಚೆನ್ನಾಗಿದ್ದೆ’ ಎಂದು ಅದನ್ನು ಅವರು ಡಾಕ್ಟರರಿಗೆ ಹೇಳುವುದೇ ಇಲ್ಲ. ಹೇಳಲೇಬೇಕು, ಏಕೆಂದರೆ ಆ ರೋಗವೇ ಬೇರೆ, ಅದರ ಮದ್ದೂ ಬೇರೆ.

ಇಷ್ಟೆಲ್ಲ ಬರೆದ ಮೇಲೆ ಕಾರ್ಮಿಕ ಪತ್ರಿಕೆಯಾದ ನಾವು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಗುಳಿಗೆ ಸೋತಿತೋ, ಅಥವಾ ಗುಳಿಗೆ ಹೊರಬೇಕಾದ ಹೊರೆಯೇ ಹೆಚ್ಚಿತೋ? ಆ ಸದಸ್ಯರನ್ನು ನಿಧಾನವಾಗಿ ಮಾತಾಡಿಸಿದಾಗ ತಿಳಿದದ್ದು: ಆರು ತಿಂಗಳ ಹಿಂದೆ ಅವರ ಹೋಟೆಲಿನಲ್ಲಿ ಇಬ್ಬರನ್ನು ತೆಗೆದು, ಅವರ ಟೇಬಲುಗಳನ್ನೂ ಇವರಿಗೇ ವಹಿಸಿದ್ದಾರೆ. ಖೋಲಿಯ ಬಾಡಿಗೆ ಏರಿದೆ. ವಾರದ ರಜೆ ಹೆಸರಿಗೆ ಮಾತ್ರ. ಇಂಥ ಹೊರೆಯನ್ನು ಯಾವ ಗುಳಿಗೆ ಇಳಿಸೀತು? 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡು ಪರೇಲು, ಲಾಲಬಾಗಗಳನ್ನು ಬಿಟ್ಟು ಡೊಂಬಿವಲಿ, ಕಲ್ಯಾಣಗಳ ಕಡೆಗೆ ಬಂದವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಎಷ್ಟೋ ಮಂದಿ ಗೋಡೆ ನೋಡುತ್ತ ಕುಳಿತುಬಿಟ್ಟರು. ಅದಕ್ಕೆ ಖಿನ್ನತೆ ಎಂಬ ಹೆಸರನ್ನು ಅಂದು ಯಾರೂ ಇಡಲಿಲ್ಲ; ಕುಡುಕ ಎಂದರು, ಸೋಮಾರಿ ಎಂದರು.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು, ಇದನ್ನು ನಮ್ಮ ಕಾರ್ಯಕರ್ತರಿಗೇ ಹೇಳುತ್ತೇವೆ. ‘ಎಲ್ಲವೂ ಧಣಿಗಳ ಶೋಷಣೆ, ಗುಳಿಗೆಯೆಲ್ಲ ಮೋಸ’ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಅದನ್ನು ಕೇಳಿ ಒಬ್ಬನು ಗುಳಿಗೆ ಎಸೆದು ರೈಲು ಹಳಿಯ ಕಡೆ ನಡೆದರೆ ಅದರ ಹೊಣೆ ಯಾರದು? ಹೊರೆಯನ್ನು ಇಳಿಸಲು ಹೋರಾಡುವುದು ಸಂಘದ ಕೆಲಸ. ಹೊರೆ ಇಳಿಯುವ ತನಕ ಮನುಷ್ಯ ಬದುಕಿರಬೇಕಲ್ಲ? ಎರಡೂ ಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ಅಲ್ಲಗಳೆಯುವುದು ಸಲ್ಲದು.

ಹಾಗಾದರೆ ಮಾಡುವುದೇನು? ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದು, ತಾನಾಗಿ ಏರಿಸಲೂ ಬಾರದು. ಆ ತಲೆ ತಿರುಗು, ಜುಂ ಎನ್ನುವುದು ವಿಷದ ಗುರುತಲ್ಲ, ಥಟ್ಟನೆ ನಿಲ್ಲಿಸಿದ್ದರ ಫಲ. ಬಿಡುವುದೇ ಆದರೂ ಡಾಕ್ಟರರು ವಾರಗಟ್ಟಲೆ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಹಳೆಯ ಚೀಟಿಯನ್ನೇ ತೋರಿಸಿ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಅದೇ ಗುಳಿಗೆ ಕೊಳ್ಳುವವರು ನಮ್ಮಲ್ಲಿ ಬಹಳ. ಅಂಗಡಿಯವನು ಡಾಕ್ಟರನಲ್ಲ. ಬರೆದುಕೊಟ್ಟ ಮನೋವೈದ್ಯರ ಬಳಿಗೇ ಮರಳಿ ಹೋಗಬೇಕು. ಹೋಗುವ ಮುನ್ನ ಒಂದು ಕಾಗದದಲ್ಲಿ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಎಂದಿನಿಂದ, ಎಷ್ಟು ಸಲ ತಪ್ಪಿತು, ನಿದ್ರೆ ಎಷ್ಟು, ಕುಡಿತ ಎಷ್ಟು ಎಂದು ಬರೆದುಕೊಳ್ಳಿರಿ. ಡಾಕ್ಟರರ ಮುಂದೆ ಕುಳಿತಾಗ ಐದು ನಿಮಿಷ ಸಿಕ್ಕುತ್ತದೆ. ಆಗ ಬಾಯಿ ಕಟ್ಟಿಹೋಗುತ್ತದೆ, ಕಾಗದ ಮಾತಾಡುತ್ತದೆ.

ಅವರ ಕೈಯಲ್ಲಿ ಹಲವು ದಾರಿಗಳಿವೆ. ಪ್ರಮಾಣ ಏರಿಸಬಹುದು, ಬೇರೆ ಜಾತಿಯ ಗುಳಿಗೆಗೆ ಬದಲಾಯಿಸಬಹುದು, ಲೀಥಿಯಂನಂಥ ಇನ್ನೊಂದನ್ನು ಜೊತೆಗೂಡಿಸಬಹುದು, ಮಾತಿನ ಚಿಕಿತ್ಸೆ ಸೇರಿಸಬಹುದು. ಯಾವುದಾದರೂ ತಾಗಿತೋ ಇಲ್ಲವೋ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ನಾಲ್ಕೇ ದಿನಕ್ಕೆ ಕೈಬಿಡುವವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ಗುಳಿಗೆ ಹೊಸದಾಗಿ ಶುರು ಮಾಡಿದಾಗ ಅಥವಾ ಪ್ರಮಾಣ ಬದಲಾದಾಗ, ಇಪ್ಪತ್ತೈದರೊಳಗಿನ ಹುಡುಗರ ಮೇಲೆ ಜೊತೆಯವರು ಒಂದು ಕಣ್ಣಿಟ್ಟಿರಬೇಕು. ಆ ವಯಸ್ಸಿನ ಕೆಲವರಲ್ಲಿ ಮೊದಮೊದಲು ಸಾವಿನ ಯೋಚನೆ ಹೆಚ್ಚುವುದುಂಟು. ಯಾವುದೂ ಫಲಿಸದ ಕಠಿಣ ಸ್ಥಿತಿಯಲ್ಲಿ ಕರೆಂಟಿನ ಚಿಕಿತ್ಸೆಯೂ ಇದೆ. ಸಿನಿಮಾದಲ್ಲಿ ಕಂಡಂತೆ ಕೈಕಾಲು ಕಟ್ಟಿ ಕೊಡುವುದಲ್ಲ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ನಿಷೇಧಿಸಿದೆ.

ಎಲ್ಲಿಗೆ ಹೋಗುವುದು? ಮುಂಬಯಿಯಲ್ಲಿ ‘ಇವನನ್ನು ಠಾಣೆಗೆ ಕಳಿಸಿ’ ಎಂಬ ಕುಚೋದ್ಯ ಹಳೆಯದು. ಠಾಣೆಯಲ್ಲಿ 1901ರಿಂದ ಇರುವ ಸರಕಾರಿ ಮನೋರುಗ್ಣಾಲಯವೇ ಅದಕ್ಕೆ ಕಾರಣ. ಠಾಣೆಯಲ್ಲೇ ಎಂಜಲು ತಟ್ಟೆ ಎತ್ತಿ ಬದುಕುವ ನಾವು ಆ ಮಾತಿಗೆ ನಗುವುದನ್ನು ಇನ್ನಾದರೂ ಬಿಡೋಣ. ಅಲ್ಲಿ ಹೊರರೋಗಿಗಳನ್ನೂ ನೋಡುತ್ತಾರೆ. ಗುಳಿಗೆ ತೆಗೆದುಕೊಂಡು ಅದೇ ದಿನ ಮನೆಗೆ ಬರಬಹುದು. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರ ಸರಕಾರವು ತನ್ನ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನು ಉಚಿತ ಮಾಡಿದೆ. ಇ.ಎಸ್.ಐ. ಚೀಟಿ ಇರುವವರು ತಮ್ಮ ದವಾಖಾನೆಯಲ್ಲಿ ಕೇಳಬೇಕು. ತೀವ್ರ ಖಿನ್ನತೆಯು ಆ ಯೋಜನೆಯ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದ್ದು, ನಿಯಮಗಳಿಗೆ ಒಳಪಟ್ಟವರಿಗೆ ವೇತನದ ಶೇಕಡಾ 80ರಷ್ಟು ಭತ್ಯೆಯ ಅವಕಾಶವುಂಟು.

ಮನಸ್ಸಿನ ನೋವನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹೇಳುವುದು ಕಷ್ಟ. ಗಿರಾಕಿಯೊಡನೆ ನಾಲ್ಕು ಭಾಷೆ ಆಡುವವನಿಗೂ ‘ಎದೆ ಬೇನೆ ಅಲ್ಲ, ಒಳಗೆ ಏನೋ ಬರಿದಾಗಿದೆ’ ಎನ್ನಲು ಕನ್ನಡವೋ ತುಳುವೋ ಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಭಾಷೆಗಳಲ್ಲಿ ಕನ್ನಡವೂ ಇದೆ. ಸಂಖ್ಯೆ 14416, ಹಗಲು ರಾತ್ರಿ, ಖರ್ಚಿಲ್ಲ. ಸಾಯಬೇಕೆಂಬ ಯೋಚನೆ ಬಂದವರು ನಾಳೆಗೆ ಕಾಯಬಾರದು. ಅಂದೇ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜೊತೆಯವರು ಅವರನ್ನು ಒಂಟಿಯಾಗಿ ಬಿಡಬಾರದು. ಪೋಲೀಸರ ಭಯವೂ ಬೇಡ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ತಿಳಿದು ಶಿಕ್ಷಿಸಬಾರದೆಂದೂ, ಸರಕಾರ ಅವನನ್ನು ಆರೈಕೆ ಮಾಡಬೇಕೆಂದೂ ಅದೇ 2017ರ ಕಾಯಿದೆ ಹೇಳಿದೆ.

ಹೋಟೆಲು ಮಾಲಿಕರಲ್ಲಿ ನಮ್ಮದೊಂದು ಬೇಡಿಕೆ. ಹೊರರೋಗಿಗಳನ್ನು ನೋಡುವುದು ಬೆಳಗಿನ ಹೊತ್ತು, ಅದೇ ನಿಮ್ಮ ಇಡ್ಲಿ-ವಡೆಯ ವ್ಯಾಪಾರದ ಹೊತ್ತು. ತಿಂಗಳಿಗೊಂದು ಬೆಳಗು ಸಂಬಳ ಕಡಿಯದೆ ಬಿಡಿರಿ, ಕಾರಣ ಕೇಳಬೇಡಿರಿ. ನಿಮ್ಮಲ್ಲಿ ಅನೇಕರು ಇದೇ ಟೇಬಲು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು.

ಆ ಸದಸ್ಯರು ನಮ್ಮ ಕಾರ್ಯಕರ್ತರೊಬ್ಬರನ್ನು ಜೊತೆ ಮಾಡಿಕೊಂಡು ಮರಳಿ ಡಾಕ್ಟರರ ಬಳಿಗೆ ಹೋದರು, ಬರೆದ ಕಾಗದ ಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಥೈರಾಯಿಡ್ ಮಂದವಾಗಿರುವುದು ಕಂಡುಬಂತು. ಅದಕ್ಕೆ ಮದ್ದು ಶುರುವಾಗಿದೆ, ಹಳೆಯ ಗುಳಿಗೆಯನ್ನು ಸದ್ಯಕ್ಕೆ ಮೊದಲಿನ ಪ್ರಮಾಣದಲ್ಲಿಯೇ ಇಟ್ಟಿದ್ದಾರೆ. ಆರು ವಾರದ ಮೇಲೆ ಮತ್ತೆ ನೋಡುವುದೆಂದು ಹೇಳಿದ್ದಾರೆ. ಈಗ ಮೂರನೆಯ ವಾರ. ನಿದ್ರೆ ಸ್ವಲ್ಪ ಹತ್ತುತ್ತಿದೆ ಎನ್ನುತ್ತಾರೆ, ಹೆಚ್ಚು ಏನೂ ಹೇಳುವುದಿಲ್ಲ. ಆಸ್ಪತ್ರೆಗೆ ಹೋದ ಆ ಎರಡು ಬೆಳಗಿನ ಸಂಬಳವನ್ನು ಅವರ ಧಣಿಗಳು ಕಡಿದಿದ್ದಾರೆ. ಬರುವ ಭಾನುವಾರದ ಸಮಿತಿ ಸಭೆಯಲ್ಲಿ ಮೊದಲನೆಯ ವಿಷಯ ಅದೇ.