ನೆತ್ತಿಯ ಸೂರ್ಯನೂ ಮದುವೆಯ ಚಿತ್ರವೂ

ಯಲಹಂಕ, ಹೆಬ್ಬಾಳಗಳ ಕಡೆ ಈಗ ಹುಲ್ಲುಹಾಸಿನ ಬಯಲಿನಲ್ಲಿಯೂ ಮದುವೆಗಳು ನಡೆಯುವುದುಂಟು. ಧಾರೆ ಮುಗಿದು ಬಂಧುಗಳೆಲ್ಲ ಚಿತ್ರಕ್ಕೆ ನಿಲ್ಲುವ ವೇಳೆಗೆ ಅನೇಕ ಸಲ ನಡುಹಗಲಾಗಿರುತ್ತದೆ. ಆಮೇಲೆ ಆಲ್ಬಮನ್ನು ತೆರೆದು ನೋಡಿದರೆ ವಧೂವರರ ಕಣ್ಣುಗಳು ಕಪ್ಪು ಕುಳಿಗಳು; ಮೂಗಿನ ನೆರಳು ತುಟಿಯ ಮೇಲೆ ಮೀಸೆ! "ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ತಿದ್ದಿದರಾಯಿತು" ಎಂಬುದು ಇಂದಿನ ಸಮಾಧಾನ. ಇದನ್ನು ನಾವು ಒಪ್ಪಲಾರೆವು.

ಮೊದಲು ಕಾರಣವನ್ನು ವಿಚಾರಿಸೋಣ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ, ಮದುವೆಯ ಕಾಲದಲ್ಲಿಯೇ, ಹಗಲು ಹನ್ನೆರಡೂಕಾಲರ ಹೊತ್ತಿಗೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕಂಬಕ್ಕೂ ನೆರಳಿಲ್ಲ. ಆದರೆ ಹುಬ್ಬಿನ ಕೆಳಗೆ ನೆರಳು ತಪ್ಪದು. ಸೂರ್ಯಬಿಂಬವು ನಮಗೆ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುತ್ತದೆ. ಬೆಳಕಿನ ಮೂಲ ಕಿರಿದಾದಷ್ಟೂ ನೆರಳಿನ ಅಂಚು ಹರಿತ. ಮೋಡ ಕವಿದ ದಿನ ಇಡೀ ಆಕಾಶವೇ ದೀಪವಾಗುವುದರಿಂದ ನೆರಳು ಮೃದುವಾಗುತ್ತದೆ.

ಇನ್ನು ತಿದ್ದುವ ಮಾತು. ಕ್ಯಾಮರಾದೊಳಗಿನ ಒಂದು ಬಿಂದುವಿಗೆ 10,000 ಬೆಳಕಿನ ಕಣಗಳು, ಎಂದರೆ ಫೋಟಾನುಗಳು, ಬಂದುವೆನ್ನೋಣ. ಆ ಎಣಿಕೆಯಲ್ಲಿ ಸಹಜವಾದ ಏರುಪೇರು ಅದರ ವರ್ಗಮೂಲದಷ್ಟು: 100, ಅಥವಾ ಶೇಕಡ 1. ನೆರಳಿನ ಭಾಗಕ್ಕೆ 16ರಲ್ಲಿ ಒಂದು ಪಾಲು, 625 ಮಾತ್ರ ಬಂದರೆ ಏರುಪೇರು 25. ಎಂದರೆ ಶೇಕಡ 4. ಅದನ್ನು ಗುಣಿಸಿ ಬೆಳಗಿಸಿದಾಗ ಮುಖದೊಡನೆ ಏರುಪೇರೂ ಬೆಳಗಿ ಕಾಳುಕಾಳಾಗಿ ಕಾಣುತ್ತದೆ. ಅದನ್ನು ಮರೆಸಲು ಚರ್ಮವನ್ನು ನುಣುಪು ಮಾಡುವರು. ಜೊತೆಗೆ ಶ್ಯಾಮಲ ವರ್ಣದ ವಧುವನ್ನು ಬಿಳಿಚಿಸುವುದೂ ಉಂಟು. ನೆರಳನ್ನು ನೀಗುವುದು ಬೇರೆ, ಮುಖವನ್ನೇ ಬದಲಿಸುವುದು ಬೇರೆ. ಮೊಮ್ಮಕ್ಕಳು ಮುಂದೆ ನೋಡಬೇಕಾದುದು ತಮ್ಮ ಅಜ್ಜಿಯ ಮುಖವನ್ನಲ್ಲವೆ?

ಪರಿಹಾರವು ಬಯಲಿನಲ್ಲಿಯೇ ಇದೆ. ಚಪ್ಪರದಡಿ ಬಿಳಿಯ ಬಟ್ಟೆಯನ್ನು ಕಟ್ಟಿದರೆ ಆ ಬಟ್ಟೆಯೇ ಅಗಲವಾದ ದೀಪ. ಬರಿಯ ತೆಂಗಿನ ಗರಿ ಸಾಲದು; ಅದರ ಸಂದಿಗಳಿಂದ ಇಳಿಯುವ ಬಿಸಿಲು ಮುಖದ ಮೇಲೆ ಸೂರ್ಯಬಿಂಬದ ದುಂಡು ಬೊಟ್ಟುಗಳನ್ನಿಡುತ್ತದೆ. ಚಪ್ಪರವಿಲ್ಲದಿದ್ದರೆ ಕಟ್ಟಡದ ನೆರಳಿಗೆ ಸರಿದು, ಬೆಳಕಿರುವ ಆಕಾಶದ ಕಡೆಗೆ ಮುಖಮಾಡಿ ನಿಲ್ಲಬಹುದು. ಅದೂ ಆಗದಿದ್ದರೆ ಒಂದು ಬಿಳಿಯ ಪಂಚೆ ಸಾಕು. ಇಬ್ಬರು ಅದನ್ನು ವಧೂವರರ ಮುಂದೆ, ಚಿತ್ರದ ಅಂಚಿನ ಕೆಳಗೆ, ಓರೆಯಾಗಿ ಹಿಡಿದರೆ ಬಿಸಿಲು ಚದರಿ ಕಣ್ಣಿನ ಕುಳಿಗಳನ್ನು ತುಂಬುತ್ತದೆ. ಹುಲ್ಲು ಈ ಕೆಲಸಕ್ಕೆ ಬಾರದು; ಅದು ಹಿಂತಿರುಗಿಸುವ ಬೆಳಕು ಅಲ್ಪ, ಅದೂ ಹಸುರು ಛಾಯೆಯದು.

ವಿದ್ಯಾರ್ಥಿಗಳು ನಾಳೆ ಮಧ್ಯಾಹ್ನವೇ ಗೆಳೆಯನ ಗಲ್ಲದ ಕೆಳಗೆ ಒಂದು ಬಿಳಿಯ ಕಾಗದವನ್ನು ಹಿಡಿದು ಪರೀಕ್ಷಿಸಲಿ. ಮುಹೂರ್ತವನ್ನು ಬದಲಿಸಿರೆಂದು ನಾವು ಹೇಳುತ್ತಿಲ್ಲ. ಚಿತ್ರಕ್ಕೆ ನಿಲ್ಲುವ ಸ್ಥಳವನ್ನು ಬದಲಿಸಿದರೆ ಸಾಕು.